ಹೊತ್ತು ಮುಳುಗುವ ಮುನ್ನ ಉಂಡವರು

ವಡಗಾವಿ, ಬೆಳಗಾವಿ
ಗುರುವಾರ

ನನ್ನ ಅಕ್ಕಾತಾಯಿ ಅತ್ತೀ,

ಮೊದಲು ನಿನ್ನ ಕಾಲಿಗೆ ಬಿದ್ದೆ ಎಂದು ತಿಳಿದುಕೋ. ಬಿದ್ದಾಯಿತು, ಎದ್ದದ್ದೂ ಆಯಿತು. ಇನ್ನು ಜಗಳ.

ರವಿವಾರ ನಿನ್ನ ದೀಕ್ಷೆ. ನೀನಾಗಲೇ ಮೊಬೈಲನ್ನು ನಿನ್ನ ತಮ್ಮನ, ಅಂದರೆ ನನ್ನ ಅಪ್ಪನ, ಕೈಯಲ್ಲಿಟ್ಟು, ಖಾನಾಪುರದ ಬಸದಿಗೆ ಹೋಗಿ ಮಾತಾಜಿಯವರ ಸಂಘದಲ್ಲಿ ಕೂತುಬಿಟ್ಟಿದ್ದೀ. ಹಾಗಾಗಿ ಈ ಕಾಗದ. ಅಪ್ಪ ನಾಳೆ ಆಟೋ ನಗರದ ವರ್ಕ್‌ಶಾಪಿಗೆ ಬೀಗ ಹಾಕಿ ಅತ್ತ ಬರುವಾಗ ತಂದುಕೊಡುತ್ತಾನೆ. ದಾರಿಯಲ್ಲಿ ತೆರೆದು ಓದಬೇಡ ಎಂದಿದ್ದೇನೆ. ಓದಿಯೇ ಓದುತ್ತಾನೆ, ಆ ಮಾತು ಬೇರೆ.

ಹೊರಡುವ ಹಿಂದಿನ ದಿನ ನೀನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಸರುಕಾಳು ಆರಿಸುತ್ತ ನನ್ನನ್ನು ಕರೆದೆ. ಕಾಳಿನಿಂದ ಕಣ್ಣೆತ್ತದೆಯೇ ಹೇಳಿದೆ: “ಪ್ರಾಚಿ, ಮನ್ಯಾಗ ಎಲ್ಲಾರೂ ಹೂಂ ಅಂದಾರ. ನಿಂದೊಂದು ಉಳದೈತಿ. ಮಂದಿ ಮುಂದ ಗುರುಗಳು ಕೇಳ್ತಾರ, ಮನಿಯವರದು ಒಪ್ಪಿಗಿ ಐತೇನಂತ. ನೀ ಹೂಂ ಅನ್ನದ ನಾ ಹೋಗೂದಿಲ್ಲ.” ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಸೇರಿಸಿದೆ: “ಮತ್ತ ನನ್ನ ಫೋಟೋ ನಿನ್ನ ಕಡೆ ಎಷ್ಟ ಅದಾವ, ಎಲ್ಲಾ ಅಳಿಸಿಬಿಡು. ಎಲ್ಲಾ ಬಿಟ್ಟ ಹೊಂಟಾಕಿ ಮಾರಿ ಗ್ವಾಡಿ ಮ್ಯಾಲ ಯಾಕ?” ವಿಚಾರ ಮಾಡಿ ಹೇಳುತ್ತೇನೆ ಎಂದೆ ನಾನು. “ಬರದು ಕಳಸು. ಮಾತಾಡಾಕ ಬಂದ್ರ ಅಳತಿ,” ಎಂದು ನೀನು ಮೊರವನ್ನು ಎತ್ತಿಕೊಂಡು ಒಳಗೆ ಹೋದೆ.

ಅಂದರೆ ನಾನು ಎರಡಕ್ಕೆ ಉತ್ತರ ಕೊಡಬೇಕು. ಫೋಟೋದ ಮಾತು ಮೊದಲು, ಯಾಕೆಂದರೆ ಅದು ನನ್ನ ಕಸುಬು. ಕಸುಬಿನ ವಿಷಯದಲ್ಲಿ ನನಗೆ ಯಾರ ಹೆದರಿಕೆಯೂ ಇಲ್ಲ, ನಿನ್ನದೂ ಇಲ್ಲ.

ನಾನು ಒಳ್ಳೆಯ ಫೋಟೋಗ್ರಾಫರ್ ಅತ್ತೀ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಮದುವೆ ಮುಂಜಿ ಬಿಟ್ಟು ಬರೀ ತಿರುಗಾಟದ ಫೋಟೋ ತೆಗೆದು ಬೆಳಗಾವಿಯಲ್ಲಿ ಬದುಕುತ್ತೇನೆ ಎಂದಾಗ ಅಪ್ಪ, “ಮಂದಿ ಟ್ರಿಪ್ಪಿಗೆ ನಿನ್ನ ಯಾಕ ಕರ್ಕೊಂಡ ಹೋಗ್ತಾರ? ಅವರ ಕಡೆ ಮೊಬೈಲ್ ಇಲ್ಲೇನ?” ಎಂದು ನಕ್ಕಿದ್ದ. ಈಗ ದೀಪಾವಳಿಯ ರಜೆಗೆ ದಸರೆಯ ಮುಂಚೆಯೇ ನನ್ನನ್ನು ಹಿಡಿದಿಡುತ್ತಾರೆ. ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ರಾಜಹಂಸಗಡದ ಮೇಲೆ ಸಾಲಾಗಿ ನಿಂತು, ಒಟ್ಟಿಗೆ ಜಿಗಿಯಬೇಕಾ ಎಂದು ಕೇಳುತ್ತಾರೆ. ಜಿಗಿಯಬೇಡಿ, ಮೊದಲು ಬುತ್ತಿ ಬಿಚ್ಚಿ ಊಟ ಮಾಡಿ, ನನ್ನನ್ನು ಮರೆತುಬಿಡಿ ಎನ್ನುತ್ತೇನೆ. ಅವರಿಗೆ ಮೊದಲು ನಿರಾಶೆ. ಆಮೇಲೆ ಫೋಟೋ ನೋಡಿ, ನಮ್ಮ ಅಜ್ಜ ಹೀಗೆ ನಗುತ್ತಾನೆಂದು ನಮಗೇ ಗೊತ್ತಿರಲಿಲ್ಲ ಎಂದು ಫೋನ್ ಮಾಡುತ್ತಾರೆ.

ಈ ವಿದ್ಯೆ ನನಗೆ ಯಾವ ಕಾಲೇಜಿನಲ್ಲೂ ಸಿಕ್ಕಿದ್ದಲ್ಲ. ನಿನ್ನ ಹಟದಿಂದ ಬಂದದ್ದು.

ಮಾವ ತೀರಿಕೊಂಡ ಮೇಲೆ ನೀನು ನಮ್ಮ ಮನೆಗೆ ಬಂದೆಯಂತೆ. ನಾನಿನ್ನೂ ಹುಟ್ಟಿರಲಿಲ್ಲ. ನಾನು ಕಂಡ ಹಾಗೆ ಮನೆಯಲ್ಲಿ ಅಡುಗೆ ಅವ್ವನದು, ತಿರುಗಾಟ ನಿನ್ನದು. ಸಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದವಳು ರಜೆ ಬಂತೆಂದರೆ ಮನೆಯವರಿಗೆ ಕಲಿಸಲು ಹೊರಡುತ್ತಿದ್ದೆ. ಅಪ್ಪ ಗಿರಾಕಿಯೊಬ್ಬನ ಟ್ರ್ಯಾಕ್ಸ್ ಗಾಡಿ ಕೇಳಿ ತರುತ್ತಿದ್ದ. ನಮ್ಮ ಓಣಿಯೊಳಗೆ ಅದು ಹೊಗುತ್ತಿರಲಿಲ್ಲವಲ್ಲ, ಮಗ್ಗದ ಸದ್ದಿನ ನಡುವೆ ನಾವೆಲ್ಲ ತಲೆಗೊಂದು ಡಬ್ಬಿ ಹಿಡಿದು ಓಣಿಯ ಬಾಯಿಯವರೆಗೆ ಮೆರವಣಿಗೆ ಹೋಗಬೇಕಿತ್ತು. ಮುಂದಿನ ಸೀಟು, ಕಿಟಕಿಯ ಬದಿ, ಯಾವಾಗಲೂ ನಿನಗೆ. ನನ್ನ ತಮ್ಮ ಶುಭಂ ಒಮ್ಮೆ ಅಲ್ಲಿ ಕೂತದ್ದಕ್ಕೆ ಅಸೋಗಾದವರೆಗೂ ನೀನು ಅವನೊಡನೆ ಮಾತಾಡಲಿಲ್ಲ.

ಅದೇ ಅಸೋಗಾದಲ್ಲಿ ನಾನು ಮೊದಲ ಸಲ ನನ್ನ ಸ್ವಂತ ಕ್ಯಾಮೆರಾ ಹಿಡಿದದ್ದು. ಮಲಪ್ರಭೆಯ ಬಂಡೆಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಎಂಥ ಬಿಸಿಲು! ನಮ್ಮ ಕಸುಬಿನವರು ಇಡೀ ದಿನ ಕಾಯುವುದು ಆ ಒಂದು ಬೆಳಕಿಗಾಗಿ. ಕಪ್ಪು ಕಲ್ಲು ಕೂಡ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎಲ್ಲರೂ ಈ ಕಡೆ ನೋಡಿ ಎಂದು ನಾನು ಕೂಗುತ್ತಿದ್ದರೆ, ನೀನು ಡಬ್ಬಿಗಳನ್ನು ಬಿಚ್ಚಿ ರೊಟ್ಟಿ ಹಂಚುತ್ತಿದ್ದೆ. “ಹೊತ್ತು ಮುಳಗಾಕತ್ತೈತಿ, ಲಗೂ ಲಗೂ ಉಣ್ರಿ. ಫೋಟೋಕ್ಕ ನಾಳಿ ಸೂರ್ಯಾ ಬರ್ತಾನ.” ಊಟವನ್ನೂ ನಾಳೆಯೇ ಮಾಡಬಹುದಲ್ಲ ಎಂದು ನಾನು ಸಿಟ್ಟಿನಿಂದ ಕೇಳಿದ್ದಕ್ಕೆ, ತುತ್ತು ತುಂಬಿದ ಬಾಯಿಯಲ್ಲೇ ನಕ್ಕೆ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ನೀನಂತೂ ನೀರನ್ನೂ ಮುಟ್ಟುವವಳಲ್ಲ. ಲೋಕದ ಅತಿ ಚಂದದ ಬೆಳಕು, ನಮ್ಮ ಊಟದ ಗಡಿಬಿಡಿ, ಎರಡೂ ಒಂದೇ ಹೊತ್ತಿಗೆ.

ಆ ದಿನದ ಫೋಟೋಗಳಲ್ಲೆಲ್ಲ ಉಬ್ಬಿದ ಗಲ್ಲ, ಬಗ್ಗಿದ ತಲೆ. ಶುಭಂನ ಮೂಗಿಗೆ ಮೊಸರು. ಮನೆಗೆ ಬಂದು ಅತ್ತಿದ್ದೆ. ಮುಂದೆ ರಾಕಸಕೊಪ್ಪದ ಜಲಾಶಯ, ಹಲಸಿ, ಪಾರಿಶ್ವಾಡದಲ್ಲಿ ಅವ್ವನ ಅಣ್ಣನ ಕಬ್ಬಿನ ಹೊಲ, ಎಲ್ಲಿಗೆ ಹೋದರೂ ಅದೇ ಕತೆ. ವರ್ಷಗಳು ಕಳೆದ ಮೇಲೆ, ಬೇರೆಯವರ ಮನೆಯ ಆಲ್ಬಮ್ಮುಗಳಲ್ಲಿ ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ಸೆಟೆದು ನಿಂತವರನ್ನು ನೋಡಿ ನೋಡಿ, ಒಂದು ದಿನ ನಮ್ಮ ಹಳೆಯ ಫೋಟೋ ತೆರೆದೆ. ನಾವು ಬದುಕಿದ್ದೆವು ಅತ್ತೀ. ಅವುಗಳಲ್ಲಿ ನಾವು ಪೂರ್ತಿ ಬದುಕಿದ್ದೆವು. ಅಂದಿನಿಂದ ನಾನು ಯಾರಿಗೂ ನಗಿ ಎಂದು ಹೇಳಿಲ್ಲ.

ಇಂಥ ಫೋಟೋಗಳನ್ನು ಅಳಿಸು ಎನ್ನುತ್ತೀಯಲ್ಲ!

ಪ್ರಯತ್ನ ಮಾಡಲಿಲ್ಲ ಎನ್ನಬೇಡ. ನಿನ್ನೆ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ನೀನಿರುವ ಫೋಟೋ ಅಳಿಸಿ, ನೀನಿಲ್ಲದ್ದನ್ನು ಇಟ್ಟುಕೊಳ್ಳೋಣ ಎಂದು ಲೆಕ್ಕ ಹಾಕಿದೆ. ನೀನಿಲ್ಲದ ಫೋಟೋದಲ್ಲೂ ನೀನಿದ್ದೀ. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಾಳೆ, ಅಪ್ಪ ಕೈಯಲ್ಲಿದ್ದ ರೊಟ್ಟಿ ಮರೆತು ಎತ್ತಲೋ ನೋಡುತ್ತಿದ್ದಾನೆ, ಶುಭಂ ಬಿದ್ದು ಬಿದ್ದು ನಗುತ್ತಿದ್ದಾನೆ. ಎಲ್ಲರ ಕಣ್ಣೂ ಚೌಕಟ್ಟಿನ ಆಚೆ ಕೂತ ನಿನ್ನ ಮೇಲೆ. ನೀನು ಹೆಡ್‌ಮಾಸ್ತರರ ನಡಿಗೆಯನ್ನು ಮಾಡಿ ತೋರಿಸುತ್ತಿರುತ್ತೀ. ಇನ್ನು ನಾನು ಏನನ್ನು ಅಳಿಸಲಿ, ಅವ್ವನ ನಗುವನ್ನೇ?

ಒಂದು ಸುದ್ದಿ ಹೇಳಬೇಕು, ಕೇಳಿ ನಿನಗೆ ನಗು ಬರುತ್ತದೆ. ಬರದಿದ್ದರೆ ನೀನು ಆಗಲೇ ಮಾತಾಜಿ ಆಗಿಬಿಟ್ಟೆ ಎಂದು ತಿಳಿಯುತ್ತೇನೆ. ನಮ್ಮ ಓಣಿಯ ಬಾಯಿಯಲ್ಲಿ ನಿನ್ನ ದೀಕ್ಷೆಯ ಫ್ಲೆಕ್ಸ್ ಕಟ್ಟಿದ್ದಾರೆ. ಅಪ್ಪನಿಗಿಂತ ಎತ್ತರ. ಅದರಲ್ಲಿ ನಿನ್ನ ಮುಖ, ಹಿಂದೆ ಕೇಸರಿ ಕಿರಣ. ಫೋಟೋ ನನ್ನದೇ. ಅಪ್ಪ ನನ್ನನ್ನು ಕೇಳದೆ ಕೊಟ್ಟಿದ್ದಾನೆ. ರಾಕಸಕೊಪ್ಪದ್ದು.

ಆ ಸಂಜೆ ನೆನಪಿದೆಯಾ? ರಂಜಾನ್ ತಿಂಗಳು. ನನ್ನ ಗೆಳತಿ, ಓಣಿಯ ಕೊನೆಯ ಮನೆಯ ಆಯೆಷಾ, ನಮ್ಮ ಎಲ್ಲ ತಿರುಗಾಟಗಳಿಗೂ ಬರುವವಳು, ಆ ಸಲ ಹಿಂಜರಿದಳು. “ರೋಜಾ ಅದರೀ ಅತ್ತಿ ನಂದು. ನೀವು ಉಣ್ಣೂವಾಗ ನಾ ಹ್ಯಾಂಗ ಕುಂದರ್ಲಿ?” ನೀನು ಬಿಡಬೇಕಲ್ಲ! “ಹೊಟ್ಟಿಗಿ ರೋಜಾ ಐತಿ, ಕಣ್ಣಿಗೂ ಐತೇನ? ನೀರು ನೋಡಾಕ ಬಾ,” ಎಂದು ಕೈಹಿಡಿದು ಎಳೆದುಕೊಂಡು ಬಂದೆ. ಸಂಜೆ ನಾವು ಎಂದಿನ ಹಾಗೆ ಅವಸರದಲ್ಲಿ ಉಂಡು ಮುಗಿಸಿದೆವು. ನೀನು ಬೇಗ ಕೈತೊಳೆದು, ಆಯೆಷಾಳಿಗೆಂದು ತೆಗೆದಿಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳ ಬಾಜು ಹೋಗಿ ಕೂತೆ. ಅವಳ ಕೈಯಲ್ಲಿ ಖರ್ಜೂರ. ಅವಳು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದಳು; ನೀನು ಮೊಬೈಲನ್ನು ನಂಬದೆ ಕಣ್ಣು ಕಿರಿದು ಮಾಡಿ ಸೂರ್ಯನನ್ನೇ ನೋಡುತ್ತಿದ್ದೆ. ಜೀವಮಾನವಿಡೀ ಅವನ ಜೊತೆ ಓಟದ ಪಂದ್ಯ ಕಟ್ಟಿ, ಸ್ವಲ್ಪ ತಡಿಯೋ ಎನ್ನುತ್ತಿದ್ದವಳು ಅಂದು ಹೇಳಿದೆ: “ಮುಳಗೋ ನಮ್ಮಪ್ಪಾ ಲಗೂನ. ಹುಡಿಗಿ ಹಸದೈತಿ.”

ಆಗ ಒತ್ತಿದೆ ನಾನು. ನನ್ನ ಇಡೀ ಕಸುಬಿನಲ್ಲಿ ಅದಕ್ಕಿಂತ ಒಳ್ಳೆಯದನ್ನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಹೊತ್ತು ಮುಳುಗಿತು. ಆಯೆಷಾ ಮರೆತು ನಿನಗೂ ಒಂದು ಖರ್ಜೂರ ಚಾಚಿದಳು. ಬೇಡ ಎನ್ನಲಿಲ್ಲ ನೀನು, ತಿನ್ನಲೂ ಇಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಮರುದಿನ ಹೊತ್ತು ಏರಿದ ಮೇಲೆ, ಬಸದಿಗೆ ಹೋಗಿ ಬಂದು, ಬಿಚ್ಚಿ ತಿಂದೆ.

ಫ್ಲೆಕ್ಸ್‌ನವರು ಆಯೆಷಾಳನ್ನು ಕತ್ತರಿಸಿದ್ದಾರೆ. ಖರ್ಜೂರ ಇಲ್ಲ, ನೀರು ಇಲ್ಲ, ನಿನ್ನ ಮಡಿಲಿನ ಡಬ್ಬಿಯೂ ಇಲ್ಲ. ಉಳಿದದ್ದು ಮುಖ ಮಾತ್ರ. ಓಣಿಯ ಹೆಂಗಸರು ನೋಡಿ, ಎಂಥ ವೈರಾಗ್ಯ, ಕಣ್ಣು ಎಲ್ಲೋ ದೂರ ನೆಟ್ಟಿದೆ ಎಂದು ಕೈಮುಗಿಯುತ್ತಿದ್ದಾರೆ. ನನಗೊಬ್ಬಳಿಗೆ ಗೊತ್ತು ಆ ಕಣ್ಣು ಎಲ್ಲಿ ನೆಟ್ಟಿತ್ತು ಎಂದು. ಇಲ್ಲ, ಆಯೆಷಾಳಿಗೂ ಗೊತ್ತು. ಅವಳು ಆ ಫ್ಲೆಕ್ಸ್ ಕೆಳಗೆ ನಿಂತು ಅತ್ತಳು, ನಾನೂ ಅತ್ತೆ.

ನನ್ನ ಉತ್ತರ ಇದೇ. ನಾನು ಅಳಿಸಿದರೆ ಈ ಭೂಮಿಯ ಮೇಲೆ ಉಳಿಯುವುದು ಫ್ಲೆಕ್ಸ್ ಒಂದೇ. ಅದರಲ್ಲಿರುವ ಮಾತಾಜಿಗೆ ನನ್ನ ತಲೆ ಬಾಗುತ್ತದೆ, ಖರೇ. ಆದರೆ ಹಸಿದ ಹುಡುಗಿಗಾಗಿ ಸೂರ್ಯನನ್ನು ಗದರಿಸಿದವಳು ಯಾರು ಎಂದು ನಾಳೆ ಶುಭಂನ ಮಕ್ಕಳು ಕೇಳಿದರೆ ನಾನು ಏನು ತೋರಿಸಲಿ? ನೀನು ಬಿಡುವುದು ನಿನ್ನದನ್ನು. ಮನೆ, ಹೆಸರು, ಊಟದ ರುಚಿ, ಕಿಟಕಿಯ ಸೀಟು, ಎಲ್ಲ ಬಿಡು. ಈ ಫೋಟೋಗಳು ನನ್ನವು. ನನ್ನದನ್ನು ನೀನು ಬಿಡಲು ಬರುವುದಿಲ್ಲ. ಅಳಿಸುವುದಿಲ್ಲ, ಅಷ್ಟೇ.

ಇನ್ನು ಎರಡನೆಯದು.

ನನಗೆ ಸಿಟ್ಟಿತ್ತು ಅತ್ತೀ. ಮುಚ್ಚುಮರೆ ಯಾಕೆ? ದೀಕ್ಷೆಗೆ ದುಃಖ ಉಂಡವರು ಹೋಗುತ್ತಾರೆ, ಯಾರೂ ಇಲ್ಲದವರು ಹೋಗುತ್ತಾರೆ ಎಂದುಕೊಂಡಿದ್ದೆ. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ನಗುವವಳು, ಕುಂದಾ ಮಿಠಾಯಿಯ ಡಬ್ಬಿಯನ್ನು ಬೆರಳಿನಿಂದ ಬಳಿದು ತಿನ್ನುವವಳು, ದಿನಕ್ಕೊಂದೇ ಊಟ, ಅದೂ ಬೊಗಸೆಯಲ್ಲಿ, ಒಂದು ಬಿಳಿ ಸೀರೆ, ನವಿಲುಗರಿಯ ಪಿಂಛಿ, ಬರಿಗಾಲು ಎಂದು ಹೊರಟರೆ ನಾನು ಏನೆಂದು ತಿಳಿಯಲಿ? ನಾವು ಏನು ಕಡಿಮೆ ಮಾಡಿದೆವು ಎಂಬುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಎಲ್ಲರೂ ಹೂಂ ಅಂದ ದಿನ ನಾನು ಎದ್ದು ಹೊರಗೆ ಹೋದದ್ದು ಅದಕ್ಕೇ.

ನೀನು ಹಿಂದೆಯೇ ಬಂದು ಕಟ್ಟೆಯ ಮೇಲೆ ಕೂತೆ. ಸಮಾಧಾನದ ಮಾತೇನೂ ಆಡಲಿಲ್ಲ. “ಪ್ರಾಚಿ, ನಾ ಸಿಟ್ಟಮಾಡಿ ಎಲಿ ಬಿಟ್ಟ ಏಳಾಕತ್ತಿಲ್ಲವ್ವಾ. ಹೊಟ್ಟಿ ತುಂಬ ಉಂಡೀನಿ. ಉಂಡಾಕಿ ಏಳಬೇಕಲ್ಲ?” ಎಂದೆ. ಅಂದು ನನಗೆ ಕಿವಿಯೇ ಇರಲಿಲ್ಲ. ನಿನ್ನೆ ಫೋಟೋಗಳನ್ನು ಒಂದೊಂದಾಗಿ ನೋಡುವಾಗ ಆ ಮಾತು ತಿಳಿಯಿತು. ಅಸೋಗಾ, ಹಲಸಿ, ರಾಕಸಕೊಪ್ಪ, ಎಲ್ಲಿ ನೋಡಿದರೂ ನೀನು ಅರೆಹೊಟ್ಟೆಯಲ್ಲಿ ಕೂತದ್ದು ಒಂದೂ ಇಲ್ಲ. ನಾನೇ ತೆಗೆದ ಸಾಕ್ಷಿಯನ್ನು ನಾನೇ ಸುಳ್ಳೆನ್ನಲು ಬರುವುದಿಲ್ಲ.

ಮತ್ತೆ, ನೀನು ಎಲ್ಲವನ್ನೂ ಬಿಡುತ್ತೀ ಎಂಬುದನ್ನು ನಾನು ನಂಬುವುದೂ ಇಲ್ಲ. ಇಂದು ಖಾನಾಪುರ, ನಾಳೆ ಇನ್ನೊಂದು ಊರು, ಆಚೆ ಮತ್ತೊಂದು. ಸಾಯುವವರೆಗೂ ನಡೆಯುತ್ತಲೇ ಇರುವುದು ನಿಮ್ಮ ಸಂಘದ ನೇಮ. ತಿರುಗಾಟದ ಹುಚ್ಚಿಯೇ, ಗಾಡಿ ಬಿಟ್ಟೆ, ಊರು ತಿರುಗುವುದನ್ನು ಎಲ್ಲಿ ಬಿಟ್ಟೆ? ಗುರುಗಳಿಗೆ ಇದನ್ನು ನಾನು ಹೇಳುವುದಿಲ್ಲ.

ರವಿವಾರ ಮಂಟಪದಲ್ಲಿ ಫೋಟೋ ತೆಗೆಯಲು ಬೇರೆಯವರಿದ್ದಾರೆ. ನಾನು ಅವ್ವನ ಬಾಜು ಮನೆಯವರ ಸಾಲಿನಲ್ಲಿ ಕೂರುತ್ತೇನೆ. ಗುರುಗಳು ಕೇಳಿದಾಗ ಎಲ್ಲರಿಗಿಂತ ಜೋರಾಗಿ ನನ್ನ ದನಿಯೇ ಕೇಳಿಸಬೇಕು, ಹಾಗೆ ಹೇಳುತ್ತೇನೆ. ಆಮೇಲೆ ಕೈಮುಗಿದು ವಂದಾಮಿ ಮಾತಾಜಿ ಎನ್ನುತ್ತೇನೆ. ನೀನು ಎಲ್ಲರನ್ನೂ ನೋಡುವ ಹಾಗೆಯೇ ನನ್ನನ್ನೂ ನೋಡುತ್ತೀ. ನೋಡು. ಅದನ್ನು ತಡೆದುಕೊಳ್ಳುವಷ್ಟು ಗಟ್ಟಿ ಇದ್ದೇನೆ ನಾನು, ನಿನ್ನ ಕೈಯಲ್ಲಿ ಬೆಳೆದವಳು.

ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವವರಿಗೆ ಹೋಗಿ ಬಾ ಎನ್ನುತ್ತೇವೆ. ಆಸ್ಪತ್ರೆಗೆ ಹೋಗುವವರಿಗೂ, ಗಂಡನ ಮನೆಗೆ ಹೋಗುವವರಿಗೂ ಅದೇ ಮಾತು. ಬರೀ ಹೋಗು ಎಂದು ಇದುವರೆಗೆ ನಾನು ಯಾರಿಗೂ ಹೇಳಿದವಳಲ್ಲ. ಇಂದು ನಿನಗೆ ಹೇಳುತ್ತೇನೆ, ಅಳದೆ ಹೇಳುತ್ತೇನೆ.

ಹೂಂ, ಅತ್ತೀ. ಹೋಗು.

ನೀನು ನಡೆಯುವ ದಾರಿಯಲ್ಲಿ ಮುಳ್ಳು ಸರಿದು ನೆರಳು ಬೀಳಲಿ.

ರವಿವಾರದವರೆಗೆ ನಿನ್ನ ತಮ್ಮನ ಮಗಳು, ಆಮೇಲೆ ನಿನಗೆ ಯಾರೂ ಅಲ್ಲದಿದ್ದರೂ ನಿನ್ನನ್ನು ಅತ್ತಿ ಎಂದೇ ನೆನೆಯುವ,
ಪ್ರಾಚಿ