ಆರೂವರೆ ಪಾಯಿಂಟು

ಆಗಸ್ಟ್ 21, ಬುಧವಾರ

ಹುಲ್ಲು ಕತ್ತರಿಸಿದೆ. ಮೊದಲು ನನ್ನ ಅಂಗಳ, ಆಮೇಲೆ ಮೊಜೆಲ್ ಅಂಗಳ. ಅಣ್ಣ ಡೆಲ್ಮರ್ ಹೋದ ಮೇಲೆ ಬುಧವಾರವೆಂದರೆ ಇಷ್ಟೇ. ಅವನ ಹೆಂಡತಿ ಜಾಲರಿ ಬಾಗಿಲ ಹಿಂದೆ ನಿಂತು ನೋಡುತ್ತಾಳೆ. ಯಂತ್ರ ನಿಲ್ಲಿಸಿದ ಮೇಲೆ ಐಸ್ ಹಾಕಿದ ಸಿಹಿ ಚಹಾ ತಂದು ಕೊಡುತ್ತಾಳೆ. ಮಾತು ಕಡಿಮೆ. ನನಗೂ ಅದೇ ಬೇಕು.

ಇವತ್ತು ಮಾತ್ರ ಕೇಳಿದಳು.

"ಆಲ್ಟನ್, ಈ ಸಲ ಬಾಣಲೆಗೆ ಹೋಗ್ತೀಯಾ?"

ಒಕಾಲಿ ಕಾಲೇಜಿನ ಫುಟ್‌ಬಾಲ್ ಸ್ಟೇಡಿಯಂಗೆ ನಾವೆಲ್ಲ ಕರೆಯುವುದೇ ಹಾಗೆ. ವರ್ಷಕ್ಕೊಂದು ಹೊರಗಿನ ಪಂದ್ಯಕ್ಕೆ ಅಣ್ಣತಮ್ಮ ಇಬ್ಬರೂ ಹೋಗಲೇಬೇಕು. ಹೋದರೆ ಅತೀ ಬಿಸಿಲಿನ ಜಾಗಕ್ಕೇ ಹೋಗಬೇಕು. ಡೆಲ್ಮರ್ ಮಾಡಿದ ಕಾನೂನು.

"ಗೊತ್ತಿಲ್ಲ" ಅಂದೆ.

"ಪ್ರತಿ ವರ್ಷ ಕಳ್ಸಿ ಅಂತ ಅವನು ಹೇಳಿಟ್ಟಿದ್ದ ಟಿಕೆಟ್ ಅಂಚೇಲಿ ಬಂದಿದೆ. ಎರಡೂ. ನಾನು ಬರ್ತೀನಿ."

ನಲವತ್ತು ವರ್ಷದಲ್ಲಿ ಒಂದು ದಿನವೂ ಸ್ಟೇಡಿಯಂ ಮೆಟ್ಟಿಲು ಹತ್ತದ ಹೆಂಗಸು.

"ಶನಿವಾರ ಶನಿವಾರ ಗಂಡನ್ನ ಅದಕ್ಕೆ ಬಿಟ್ಕೊಟ್ಟಿದೀನಿ ಕಣೋ. ಅದೇನು ಅಂತ ಒಂದ್ಸಲ ನೋಡ್ಬೇಡ್ವಾ?"

ಚಹಾ ಕುಡಿದೆ. ಐಸು ಹಲ್ಲಿಗೆ ತಾಕಿತು. 

ಆಗಸ್ಟ್ 22, ಗುರುವಾರ

ನೆಲ್ಡಾ ಹೋಟೆಲಿನಲ್ಲಿ ತಿಂಡಿ. ಹೊಸ ಸೀಸನ್ನಿನ ಮೊದಲ ಗುರುವಾರ. ಗೆಳೆಯ ಬುಫರ್ಡ್ ಹಳದಿ ಹಾಳೆ ಬಿಡಿಸಿ ಗೆರೆ ಎಳೆದ. ಪ್ರತಿ ಪಂದ್ಯಕ್ಕೂ ವೇಗಸ್‌ನ ಬಾಜಿಯವರು ಒಂದು ಲೈನ್ ಹಾಕುತ್ತಾರೆ — ಇವರು ಅವರಿಗಿಂತ ಇಷ್ಟು ಪಾಯಿಂಟ್ ಮೇಲು ಅಂತ. ಅಷ್ಟು ಅಂತರ ದಾಟುತ್ತಾರೋ ಇಲ್ಲವೋ, ನಾವು ಯಾವ ಕಡೆ ಅಂತ ಬರೆಯುತ್ತೇವೆ. ದುಡ್ಡಿಲ್ಲ. ವರ್ಷದ ಕೊನೆಗೆ ಯಾರದು ಹೆಚ್ಚು ಸರಿಯೋ ಅವರಿಗೆ ಮರದ ಕೊಕ್ಕರೆ. ಡೆಲ್ಮರ್ ಕೈಯಾರೆ ಕೆತ್ತಿದ್ದು. ಕೊಕ್ಕರೆಗಳು ಅಂದರೆ ನಮ್ಮ ಕಾಲೇಜಿನ ತಂಡ.

ಹೋದ ವರ್ಷ ಗೆದ್ದದ್ದು ನಾನು. ಒಂದೇ ಒಂದು ಪಂದ್ಯದ ಅಂತರ.

ಮಾತು ಬಿಸಿಲಿಗೆ ಬಂತು. ಯಾವಾಗಲೂ ಬರುತ್ತದೆ.

"ಬಿಸಿಲು ಅಂದ್ರೆ ನಮ್ದೇ ಕಣ್ರೋ" ಅಂದ ಬುಫರ್ಡ್. "ಪೂರ್ವದ ಕಡೆ ಕೂತು ನೋಡಿ. ಎರಡನೇ ಕ್ವಾರ್ಟರ್ ಹೊತ್ತಿಗೆ ಬೆಂಚಿಗೆ ಅಂಟ್ಕೊಂಡಿರ್ತೀರ. ಎಬ್ಬಿಸೋಕೆ ಮೊಗಚೋ ಕೈ ಬೇಕು."

ನೆಲ್ಡಾ ಕಾಫಿ ಸುರಿಯುತ್ತಿದ್ದಳು. "ನಿನ್ನ ಎಬ್ಬಿಸೋಕೆ ಮೊಗಚೋ ಕೈ ಸಾಲಲ್ಲ ಚಿನ್ನಾ, ಕ್ರೇನ್ ಬೇಕು. ಬಾಣಲೆ ಮುಂದೆ ನಮ್ದು ಯಾವ ಲೆಕ್ಕ? ಸುತ್ತ ಗೋಡೆ. ಒಳಗೆ ಬಂದ ಗಾಳಿ ಅಲ್ಲೇ ಸಾಯ್ಬೇಕು."

"ಅದೂ ಅಲ್ದೆ ಆ ಕಳ್ಳರು ತಮ್ಮ ಆಟಗಾರರನ್ನ ನೆರಳಿಗೆ ಕೂರಿಸ್ಕೊಂಡು ಬಂದೋರನ್ನ ಬಿಸಿಲಿಗೆ ಹಾಕ್ತಾರೆ."

"ನಾವೂ ಅದನ್ನೇ ಮಾಡೋದು."

"ನಾವು ಮಾಡಿದ್ರೆ ಜಾಣತನ ನೆಲ್ಡಾ. ಅವರು ಮಾಡಿದ್ರೆ ಕಳ್ಳತನ. ನನ್ನ ಲೆಕ್ಕದಲ್ಲಿ ಬಿಸಿಲಿಗೇ ಮೂರು ಪಾಯಿಂಟ್ ಕೊಡ್ಬೇಕು. ವೇಗಸ್‌ನೋರು ಎ.ಸಿ. ರೂಮಲ್ಲಿ ಕೂತು ಲೈನ್ ಹಾಕ್ತಾರೆ, ಅವರಿಗೇನು ಗೊತ್ತು? ಬಿಸಿಲು ಮನುಷ್ಯನ್ನ—"

ನಿಲ್ಲಿಸಿಬಿಟ್ಟ. ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ನೆಲ್ಡಾ ನನ್ನ ತುಂಬಿದ ಕಪ್ಪಿಗೆ ಮತ್ತೆ ಸುರಿದಳು. ತಟ್ಟೆಗೆ ಚೆಲ್ಲಿತು.

ಆಗಸ್ಟ್ 25, ಭಾನುವಾರ, ಮಧ್ಯಾಹ್ನ

ವರಾಂಡದಲ್ಲಿ ಕಣ್ಣು ಹತ್ತಿತ್ತು. ಕನಸು. ಸ್ಟೇಡಿಯಂ ತುಂಬ ನೀರು. ಅಂಚಿನವರೆಗೆ, ನದಿಯ ಹಸಿರು ನೀರು. ಬ್ಯಾಂಡಿನವರು ತಳದಲ್ಲಿ ನಿಂತು ಊದುತ್ತಿದ್ದಾರೆ. ತುತ್ತೂರಿಯಿಂದ ಗುಳ್ಳೆಗಳು ಏಳುತ್ತಿವೆ. ಮೇಲೆ ಬಂದು ಒಡೆದಾಗ ಮಾತ್ರ ಸ್ವರ ಕೇಳುತ್ತದೆ... ನಾನೂ ಡೆಲ್ಮರನೂ ನಮ್ಮ ಸಾಲಿನಲ್ಲಿ ಕೂತಿದ್ದೇವೆ. ನೀರು ಸೊಂಟದವರೆಗೆ ತಣ್ಣಗೆ. ಅವನು ನನ್ನ ಕಡೆ ತಿರುಗಿ ಏನೋ ಹೇಳಿದ. ಬಾಯಿಂದ ಗುಳ್ಳೆ ಹೊರಟಿತು. ಅದು ಒಡೆಯುವ ಮೊದಲೇ ಎಚ್ಚರವಾಯಿತು.

ಅಂಗಿ ಬೆವರಿನಲ್ಲಿ ನೆನೆದಿತ್ತು.

ಆಗಸ್ಟ್ 31, ಶನಿವಾರ

ಊರಲ್ಲಿ ಮೊದಲ ಪಂದ್ಯ. ಹೋಗಲಿಲ್ಲ. ಎರಡು ಮೈಲಿಯಿಂದ ಡೋಲು ಕೇಳುತ್ತಿತ್ತು. ಮನೆಯ ಗೋಡೆಗಳಿಗೇ ಎದೆಬಡಿತ ಬಂದ ಹಾಗೆ. ಗೆದ್ದರಂತೆ.

ಸೆಪ್ಟೆಂಬರ್ 2, ಸೋಮವಾರ

ಒಂದು ವರ್ಷ.

ಇದು ಯಾರೂ ಓದದ ಪುಸ್ತಕ. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ.

ಮೂರನೇ ಕ್ವಾರ್ಟರ್. ಊರಿನ ಸ್ಟೇಡಿಯಂನಲ್ಲೇ, ನಮ್ಮವರು ನಾಲ್ಕು ಪಾಯಿಂಟ್ ಮುಂದೆ. ಎದುರಾಳಿಗಳು ಸುಸ್ತಾಗಿ ಮಂಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಪಂದ್ಯ ನಮ್ಮದೇ, ಮಗುವಿಗೂ ಗೊತ್ತಾಗುತ್ತಿತ್ತು. ಡೆಲ್ಮರ್ ಹೋಗೋಣ ಅಂದ. ನಾನು ಬೇಡ ಅಂದೆ. ಯಾಕೆಂದರೆ ನಮ್ಮವರಿಗೆ ಆರೂವರೆ ಮೇಲುಗೈ ಅಂತ ಲೈನ್ ಇತ್ತು, ನಾನು ನಮ್ಮವರ ಕಡೆ ಬರೆದಿದ್ದೆ. ನಾಲ್ಕರಿಂದ ಗೆದ್ದರೆ ತಂಡ ಗೆದ್ದ ಹಾಗೆ, ನಾನು ಸೋತ ಹಾಗೆ. ನನಗೆ ಆರು ಪಾಯಿಂಟಿನ ಇನ್ನೊಂದು ಟಚ್‌ಡೌನ್ ಬೇಕಿತ್ತು. "ಇನ್ನೊಂಚೂರು ಇರೋ" ಅಂದೆ.

ಇನ್ನೊಂಚೂರು ಅಂದದ್ದು ಮುಕ್ಕಾಲು ಗಂಟೆ.

ಕೊನೆಗೆ ಎರಡು ನಿಮಿಷ ಇರುವಾಗ ಬಂತು ಆ ಟಚ್‌ಡೌನ್. ಬೆಂಚಿನ ಮೇಲೆ ಹತ್ತಿ ಕುಣಿದೆ. ಕೂಗಿದೆ. ಅವನ ಬೆನ್ನಿಗೆ ಹೊಡೆಯಲು ತಿರುಗಿದೆ. ಗದ್ದ ಎದೆಗೆ ತಾಗಿಸಿ ಕೂತಿದ್ದ. ಮೈ ಕಾದ ಕಬ್ಬಿಣ. ಬೆವರೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಮೂರು ದಿನ. ಕಣ್ಣು ಬಿಡಲಿಲ್ಲ.

ಮೊಜೆಲ್‌ಗೆ ನಾನು ಹೇಳಿದ್ದು ಬೇರೆ. ಕೂಗುತ್ತಾ ಇದ್ದ, ಇದ್ದಕ್ಕಿದ್ದಂತೆ ಬಿದ್ದ, ಒಂದು ಮಾತೂ ಆಡಲಿಲ್ಲ. ಹಾಗಂದೆ.

ಮರದ ಕೊಕ್ಕರೆ ಬೀರುವಿನಲ್ಲಿದೆ. ಟವೆಲ್ ಸುತ್ತಿ ಇಟ್ಟಿದ್ದೇನೆ.

ಸೆಪ್ಟೆಂಬರ್ 11, ಬುಧವಾರ

ಹುಲ್ಲು. ಚಹಾ. ಪಕ್ಕದ ಮನೆಯಾಕೆ ಬೇಲಿಗೆ ಒರಗಿ ಮೊಜೆಲ್ ಜೊತೆ ಮಾತಾಡುತ್ತಿದ್ದಳು.

"ಖುಷಿಯಾಗೇ ಹೋದ" ಅನ್ನುತ್ತಿದ್ದಳು ಮೊಜೆಲ್. "ಕೂಗ್ತಾ ಕೂಗ್ತಾನೇ. ನೋವು ಅನ್ನೋದೇ ಗೊತ್ತಾಗ್ಲಿಲ್ಲ. ಅಲ್ವಾ ಆಲ್ಟನ್?"

"ಹೌದು."

ಆ ಮಾತಿನ ಮೇಲೆ ವರ್ಷವೆಲ್ಲ ನಿಂತಿದ್ದಾಳೆ. ಅದನ್ನು ಕಾಲ ಕೆಳಗಿಂದ ಎಳೆಯುವುದು ಹೇಗೆ. ಎಳೆಯದೆ ಅವಳ ಪಕ್ಕ ಆ ಟಿಕೆಟ್ ಹಿಡಿದು ಕೂರುವುದು ಹೇಗೆ.

ಸೆಪ್ಟೆಂಬರ್ 12, ಗುರುವಾರ

"ಒಕಾಲಿಗೆ ಒಂಬತ್ತೂವರೆ ಮೇಲುಗೈ ಹಾಕಿದಾರೆ" ಅಂದ ಬುಫರ್ಡ್. "ಅವರ ಮನೆ, ಅವರ ಬಿಸಿಲು. ಆದ್ರೂ ಒಂಬತ್ತೂವರೆ ಜಾಸ್ತಿ. ನಾನು ನಮ್ಮೋರ ಕಡೆ. ನೀನು?"

ಪೆನ್ನು ಕೊಟ್ಟ. ಹಿಡಿದುಕೊಂಡು ಕೂತೆ. ನನ್ನ ಚೌಕ ಖಾಲಿ ಬಿಟ್ಟೆ.

"ಲೇ, ಹೋಗಿ ನೋಡೋನು ನೀನು, ಬರೆಯೋಕೇನು ರೋಗ?"

"ಬಿಡು ಅವನನ್ನ" ಅಂದಳು ನೆಲ್ಡಾ. "ಮೊಜೆಲ್‌ಗೆ ಟೋಪಿ ಇದೆಯಾ ಚಿನ್ನಾ? ನಂದು ಅಗಲದ್ದು ಒಂದಿದೆ, ತಗೊಂಡು ಹೋಗು."

ಸೆಪ್ಟೆಂಬರ್ 15, ಭಾನುವಾರ

ನಿನ್ನೆಯದು ಬರೆಯಬೇಕು.

ಬೆಳಕು ಹರಿಯುವ ಮೊದಲೇ ಹೊರಟೆವು. ಪೈನ್ ಮರಗಳು, ಮಂಜು, ಮತ್ತೆ ಪೈನ್ ಮರಗಳು. ಮೊಜೆಲ್ ನೆಲ್ಡಾಳ ಟೋಪಿಯನ್ನು ಬೆಕ್ಕಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಹತ್ತು ಗಂಟೆಗೆಲ್ಲ ರಸ್ತೆ ಕರಗತೊಡಗಿತು. ಮುಂದೆ ಎಲ್ಲೋ ನೀರು ಹೊಳೆಯುವುದು, ಹತ್ತಿರ ಹೋದರೆ ಇಲ್ಲ. ಮತ್ತೆ ಮುಂದೆ ಹೊಳೆಯುವುದು.

ಒಂದು ಗಂಟೆಗೆ ಆಟ. ಹೊರಗಿನವರ ಜಾಗ, ಪೂರ್ತಿ ಬಿಸಿಲು. ಎದುರು ದಡದಲ್ಲಿ ಒಕಾಲಿಯವರ ಕೆಂಪು ಅಂಗಿಗಳು ನಡುಗುತ್ತಿದ್ದವು, ದೀಪದ ಮೇಲಿನ ಗಾಳಿಯ ಹಾಗೆ. ಎಲ್ಲವೂ ಸ್ವಲ್ಪ ನೆಲ ಬಿಟ್ಟು ತೇಲುತ್ತಿದ್ದಂತೆ. ನಾನೂ.

ಹಿಂದಿನ ಸಾಲಿನಲ್ಲಿ ಒಬ್ಬ ಒಕಾಲಿಯವ, ಬೋಳುತಲೆ. "ಬನ್ನಿ ಕೊಕ್ಕರೆಗಳೇ ಬನ್ನಿ! ಎಣ್ಣೆ ಕಾದಿದೆ!"

ಮೊಜೆಲ್ ತಿರುಗಿ ನೋಡಿದಳು. "ಮೊದ್ಲು ನಿನ್ನ ತಲೆಗೊಂದು ಬಟ್ಟೆ ಹಾಕ್ಕೊಳಪ್ಪಾ. ಬದನೆಕಾಯಿ ಸುಟ್ಟ ವಾಸನೆ ಬರ್ತಿದೆ."

ಸಾಲಿಗೆ ಸಾಲೇ ನಕ್ಕಿತು. ಅವನೂ ನಕ್ಕ. ಆಮೇಲೆ ಅವನೇ ಅವಳಿಗೆ ಐಸ್ ನೀರಿನ ಬಾಟಲಿ ದಾಟಿಸಿದ. ಅವಳು ಆಟ ನೋಡಲಿಲ್ಲ, ಜನರನ್ನು ನೋಡಿದಳು. ಬಣ್ಣ ಬಳಿದ ಮುಖಗಳನ್ನು, ತುತ್ತೂರಿಗಳನ್ನು. "ಓ..." ಅಂದಳು ಒಮ್ಮೆ. "ಇದಕ್ಕೇನಾ." ಸಿಟ್ಟಿರಲಿಲ್ಲ ಅದರಲ್ಲಿ.

ಮೂರನೇ ಕ್ವಾರ್ಟರ್. ಟೋಪಿ ತೆಗೆದು ಹಣೆ ಒತ್ತಿಕೊಂಡಳು. "ಸ್ವಲ್ಪ ತಲೆ ತೇಲಿದ ಹಾಗಿದೆ ಕಣೋ. ಪರವಾಗಿಲ್ಲ, ಇದು ಮುಗೀಲಿ."

ಎದ್ದೆ. ಅವಳ ತೋಳು ಹಿಡಿದೆ.

"ಏನೋ ಇದು, ಆಟ ನೋಡು!"

"ಏಳು ಮೊಜೆಲ್. ಈಗ್ಲೇ."

ಹೆಚ್ಚುಕಡಿಮೆ ಎತ್ತಿಕೊಂಡೇ ಇಳಿಸಿದೆ. ಮೆಟ್ಟಿಲ ಕೆಳಗೆ ಸಿಮೆಂಟಿನ ಓಣಿ. ನೆರಳು. ಗೋಡೆಗೆ ಒರಗಿಸಿ ಕೂರಿಸಿ ಕತ್ತಿಗೆ ಒದ್ದೆ ಟವೆಲ್ ಇಟ್ಟೆ. ನೀರು ಕುಡಿದಳು. ಮುಖಕ್ಕೆ ಬಣ್ಣ ಬಂತು. ನಾನು ಮಾತ್ರ ಟವೆಲ್ ಮತ್ತೆ ಮತ್ತೆ ಒದ್ದೆ ಮಾಡಿ ಇಡುತ್ತಲೇ ಇದ್ದೆ.

"ನಂಗೇನೂ ಆಗಿಲ್ಲ. ನೀನ್ಯಾಕೆ ಇಷ್ಟು ಗಾಬರಿ ಬೀಳ್ತಿದೀಯ?"

ಹೇಳಿಬಿಟ್ಟೆ.

"ಅವನು ಸುಮ್ಮನೆ ಬೀಳ್ಲಿಲ್ಲ ಮೊಜೆಲ್. ಹೋಗೋಣ ಅಂತ ಕೇಳ್ದ. ನಾನು ಬೇಡ ಅಂದೆ. ಲೈನ್ ಆರೂವರೆ ಇತ್ತು, ನಾವು ನಾಲ್ಕೇ ಪಾಯಿಂಟ್ ಮುಂದಿದ್ವಿ. ನಂಗೆ ಆ ಹಾಳಾದ ಕೊಕ್ಕರೆ ಬೇಕಿತ್ತು. ಅದಕ್ಕೋಸ್ಕರ ಕೂರಿಸ್ಕೊಂಡೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಮಾತಾಡಿದ್ನಾ?" ಅಂದಳು.

"ಹ್ಞೂಂ."

"ಏನಂದ? ಅವನ ಮಾತೇ ಹೇಳು. ನಿಂದು ಸೇರಿಸ್ಬೇಡ."

ಕಣ್ಣು ಮುಚ್ಚಿದೆ. ಹುಡುಕಬೇಕಾಗಿರಲಿಲ್ಲ, ದಿನವೂ ಕೇಳುವ ಮಾತು. "'ಪುಟ್ಟಾ, ಆಚೆ ಕಂಬ ಎರಡೆರಡು ಕಾಣ್ತಿದೆ. ಮೊಜೆಲ್ ಕಲ್ಲಂಗಡಿ ಕೊಯ್ದು ಇಟ್ಟಿರ್ತಾಳೆ. ನಡಿ ಹೋಗೋಣ.'"

"ಇನ್ನೊಂದ್ಸಲ."

ಹೇಳಿದೆ.

"ಕೊಯ್ದಿದ್ದೆ" ಅಂದಳು. "ಉಪ್ಪು ಉದುರಿಸಿ, ಮೇಲೆ ತಟ್ಟೆ ಮುಚ್ಚಿ. ಆಸ್ಪತ್ರೆಯಿಂದ ಬಂದು ಚೆಲ್ಲಿದೆ."

ಮೇಲೆ ಸಾವಿರಾರು ಕಾಲು ಗುಡುಗಿದವು. ಯಾರೋ ಏನೋ ಮಾಡಿರಬೇಕು. ಸಿಮೆಂಟಿನ ಪುಡಿ ಅವಳ ಕೂದಲ ಮೇಲೆ ಉದುರಿತು. ಇಬ್ಬರೂ ತಲೆ ಎತ್ತಲಿಲ್ಲ.

"ಮೂರು ದಿನ ಅವನ ಬಾಯಿ ಹತ್ರ ಕಿವಿ ಇಟ್ಕೊಂಡು ಕೂತಿದ್ದೆ ಕಣೋ ಆಲ್ಟನ್. ಒಂದು ಮಾತಿಗೆ. ಏನಾದ್ರೂ ಒಂದು ಮಾತಿಗೆ. ನರ್ಸ್ ಬೈದ್ರೂ ಎದ್ದಿಲ್ಲ." ದನಿ ಏರಿರಲಿಲ್ಲ. "ನೀನು ಬಾಗಿಲ ಹತ್ರ ನಿಂತಿದ್ದೆ. ಆ ಮಾತು ನಿನ್ನ ಜೇಬಲ್ಲಿತ್ತು."

"ನೀನು ನನ್ನ ಮುಖ ನೋಡಲ್ಲ ಅಂತ..."

"ಪಂದ್ಯಕ್ಕೆ ಕೂರಿಸ್ಕೊಂಡ್ಯಲ್ಲ, ಅದು ಅವನೂ ಮಾಡ್ತಿದ್ದ. ನಿಮ್ಮಿಬ್ರಿಗೂ ಒಂದೇ ಹುಚ್ಚು. ಅದನ್ನ ನುಂಗ್ಕೋತೀನೇನೋ. ಇದನ್ನ... ಗೊತ್ತಿಲ್ಲ."

ವಾಪಸು ಐದು ಗಂಟೆಯ ದಾರಿ. ಕಿಟಕಿಗೆ ಹಣೆ ಆನಿಸಿ ಕೂತಿದ್ದಳು. ಒಂದೆಡೆ ತುಟಿ ಅಲ್ಲಾಡಿದ್ದು ಕಂಡೆ. ಆ ಮಾತುಗಳನ್ನೇ ಹೇಳಿಕೊಳ್ಳುತ್ತಿದ್ದಳು, ಕಲಿಯುತ್ತಿರುವವರ ಹಾಗೆ. ಮನೆ ಮುಂದೆ ಇಳಿದಳು. ಬಾಗಿಲು ಮೆಲ್ಲಗೆ ಹಾಕಿದಳು.

ನಮ್ಮವರು ಏಳೇ ಪಾಯಿಂಟಿನಿಂದ ಸೋತರಂತೆ. ಬುಫರ್ಡ್ ಫೋನ್ ಮಾಡಿದ್ದ. ಅವನ ಲೈನ್ ಗೆದ್ದಿತಂತೆ.

ಸೆಪ್ಟೆಂಬರ್ 18, ಬುಧವಾರ

ಅವಳ ಅಂಗಳದ ಹುಲ್ಲು ಕತ್ತರಿಸಿದೆ. ಒಳಬಾಗಿಲೂ ಮುಚ್ಚಿತ್ತು. ಚಹಾ ಇಲ್ಲ. ಅಂಚುಗಳನ್ನು ಕೈಕತ್ತರಿಯಲ್ಲಿ ಮಾಡಿದೆ. ಯಾರೂ ಕೇಳಿರಲಿಲ್ಲ.

ಸೆಪ್ಟೆಂಬರ್ 25, ಬುಧವಾರ

ಯಂತ್ರ ನಿಲ್ಲಿಸಿದಾಗ ಜಾಲರಿ ಬಾಗಿಲ ಹಿಂದೆ ಇದ್ದಳು. ಕೈಯಲ್ಲಿ ಲೋಟ ಇರಲಿಲ್ಲ. ಬಾಗಿಲು ತೆರೆಯಲೂ ಇಲ್ಲ, ಜಾಲರಿಯ ಒಳಗಿಂದಲೇ ಮಾತಾಡಿದಳು.

"ಆ ದಿನ ಬೆಳಿಗ್ಗೆ ಅವನು ನಿನ್ನ ಟ್ರಕ್ ಹತ್ತಿದಾಗಿಂದ ಬೇಕು ನಂಗೆ. ಏನಂದ, ಯಾವುದಕ್ಕೆ ನಕ್ಕ, ಏನು ತಿಂದ. ಎಲ್ಲ."

"ಹೇಳ್ತೀನಿ. ಈಗ್ಲೇ ಬೇಕಾದ್ರೂ..."

"ನಿಂಗೆ ಮಾತಾಡೋಕೆ ಬರಲ್ಲ. ಅರ್ಧಕ್ಕೆ ನುಂಗ್ತೀಯ. ಬರ್ದು ತಾ. ನಿನ್ನ ಒಳ್ಳೆಯವನ ಹಾಗೆ ತೋರಿಸ್ಕೋಬೇಡ. ಕೆಟ್ಟವನ ಹಾಗೂ ಬೇಡ, ಅದೂ ನಿನ್ನ ಕಥೆನೇ ಆಗುತ್ತೆ. ನಂಗೆ ಅವನು ಬೇಕು."

ಸೆಪ್ಟೆಂಬರ್ 26, ಗುರುವಾರ

ನೆಲ್ಡಾ ಹೋಟೆಲಿಗೆ ಹೋಗಲಿಲ್ಲ. ಅಡುಗೆಮನೆ ಮೇಜಿನ ಮುಂದೆ ಕೂತಿದ್ದೇನೆ. ಈ ಪುಸ್ತಕದಲ್ಲೇ ಬರೆದು ಹಾಳೆ ಹರಿದು ಕೊಡುವುದು ಅಂತ. ಬೇರೆ ಕಾಗದದಲ್ಲಿ ಕೈ ಓಡುವುದಿಲ್ಲ.

ಬೆಳಿಗ್ಗೆ ಎಂಟು ಗಂಟೆ. ಮನೆ ಮುಂದೆ ಹಾರ್ನ್ ಮಾಡಿದೆ. ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಬಂದ, ಇನ್ನೊಂದು ಕೈಯಲ್ಲಿ. ನೀಲಿ ಅಂಗಿ, ಮೇಲಿನ ಗುಂಡಿ ಇಲ್ಲದ್ದು. ಟ್ರಕ್ ಬಾಗಿಲು ದಢಾರ್ ಅಂತ ಹಾಕಿದ. ಹಾಕಬೇಡ ಅಂತ ನೂರು ಸಲ ಹೇಳಿದ್ದೆ. ಸೀಟಿಗೆ ಒರಗಿ, ನಿಮ್ಮ ಅಡುಗೆಮನೆ ಕಿಟಕಿ ಕಡೆ ಕೈ ಎತ್ತಿದ. ನೀನು ನೋಡಲಿಲ್ಲ ಮೊಜೆಲ್, ಬೆನ್ನು ತಿರುಗಿಸಿಕೊಂಡು ಏನೋ ತೊಳೆಯುತ್ತಿದ್ದೆ. ಆಗ ಅವನು ನಕ್ಕು ಅಂದದ್ದು —