ನಿನ್ನ ಅಳಿಯನಿಗೆ ಅಡುಗೆ ಕಲಿಸು

ಗುರುವಾರ, ಮಧ್ಯಾಹ್ನ

ನನ್ನ ಅಮ್ಮನಿಗೆ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ನಿನ್ನ ಅಳಿಯ ಮತ್ತೆ ಫೋನ್ ಮಾಡಿ ತಲೆ ತಿಂದಿರುತ್ತಾರೆ. ಅನ್ನ ಯಾಕೆ ಮುದ್ದೆಯಾಯಿತು, ಬೇಳೆ ಯಾಕೆ ತಳ ಹಿಡಿಯಿತು, ಹೀಗೇ. ನಾನೇ ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ. ಹಾಗಾಗಿ ಈ ಕಾಗದ; ಪಕ್ಕದ ಮನೆಯ ಟೈಲರ್ ಅಕ್ಕ ಇದನ್ನು ಅಂಚೆಗೆ ಹಾಕುತ್ತೇನೆ ಅಂದಿದ್ದಾರೆ.

ಇವರು ಲಿಫ್ಟ್ ರಿಪೇರಿಯವರು ಅಲ್ಲವೇ, ಏನೇ ಕೆಟ್ಟರೂ ಬಿಚ್ಚಿ ನೋಡಿ ಸರಿಮಾಡಬಹುದು ಅನ್ನುವ ನಂಬಿಕೆ. ನಾನು ಎರಡು ತುತ್ತು ತಿಂದು ತಟ್ಟೆ ಸರಿಸಿದರೆ, ಅಡುಗೆಯಲ್ಲಿ ಎಲ್ಲಿ ಕೆಟ್ಟಿತು ಎಂದು ಹುಡುಕಲು ಕೂರುತ್ತಾರೆ. ನಿಜ ಹೇಳುತ್ತೇನೆ ಅಮ್ಮ, ಅಡುಗೆ ಅಷ್ಟೇನೂ ಕೆಟ್ಟಿರುವುದಿಲ್ಲ. ಇಂಜೆಕ್ಷನ್ ಶುರುವಾದಾಗಿನಿಂದ ನನ್ನ ನಾಲಿಗೆಯೇ ಸತ್ತುಹೋಗಿದೆ. ಅನ್ನವೂ ಒಂದೇ, ಹಣ್ಣೂ ಒಂದೇ, ಎಲ್ಲವೂ ತುಕ್ಕು ನೆಕ್ಕಿದ ಹಾಗೆ. ಇದನ್ನು ಇವರಿಗೆ ಹೇಳಿಲ್ಲ.

ಚೆನ್ನಾಗಿದೆ ಅಂದು ನೋಡಿದೆ, ನಂಬಲಿಲ್ಲ. ಒಂದು ದಿನ ಉಪ್ಪು ಸ್ವಲ್ಪ ಕಮ್ಮಿ ಅಂದುಬಿಟ್ಟೆ. ಮುಖ ನೋಡಬೇಕಿತ್ತು ನೀನು. ಅಷ್ಟೇನಾ, ಹಾಕಿದರಾಯ್ತು ಬಿಡು ಎಂದು ಎದ್ದು ಹೋದರು. ಆಮೇಲೆ ದಿನಾ ಏನಾದರೊಂದು ಕೊರತೆ ಹೇಳುತ್ತಾ ಬಂದೆ. ಮೊನ್ನೆ ರಾತ್ರಿ ಪುಟ್ಟಿ ಒಂದೊಂದು ತುತ್ತಿಗೂ ನೀರು ಕುಡಿಯುತ್ತಿದ್ದಳು. ಯಾಕೆ ಎಂದು ಇವರು ಕೇಳಿದರೆ, ಸೆಕೆ ಅಂದಳು. ಮಲಗುವಾಗ ನನ್ನ ಕಿವಿಯಲ್ಲಿ ಹೇಳಿದಳು: ಬೇಳೆ ಬರೀ ಉಪ್ಪಮ್ಮಾ, ಅಪ್ಪ ಬೇಜಾರು ಮಾಡ್ಕೋತಾರೆ ಅಂತ ಹೇಳಲಿಲ್ಲ.

ಎಂಟು ವರ್ಷದ ಮಗು. ನಮ್ಮಿಬ್ಬರನ್ನು ನೋಡಿ ನೋಡಿ ಅವಳೂ ಮುಚ್ಚಿಡುವುದನ್ನು ಕಲಿತಿದ್ದಾಳೆ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಇವರಿಗೆ ಸರಿಯಾಗಿ ಕಲಿಸು. ನನ್ನ ನಾಲಿಗೆಗಲ್ಲ, ಪುಟ್ಟಿಯ ನಾಲಿಗೆಗೆ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ತೆಗೆದರೆ ಸಾಕು ಎಂದು ಯಾರೋ ಹೇಳಿದ್ದಾರಂತೆ, ಅದನ್ನೇ ಹಿಡಿದುಕೊಂಡಿದ್ದಾರೆ. ಉಪ್ಪಿಲ್ಲದೆ ಇನ್ನೊಂದಿಷ್ಟು ಬೇಳೆ ಬೇಯಿಸಿ ಬೆರೆಸಲು ಹೇಳು. ತಳ ಹಿಡಿದ ಪಾತ್ರೆಯನ್ನು ಕೆರೆದು ಕೆರೆದು ಕಲಸುತ್ತಾರೆ, ಅಡುಗೆಯೆಲ್ಲ ಸೀದ ವಾಸನೆ. ಸೌಟು ತಳಕ್ಕೆ ತಾಗಿಸದೆ ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು ಅಂತ ನೀನೇ ನನಗೆ ಕಲಿಸಿದ್ದು. ಬಾಣಲೆಗೆ ಒಂದೇ ಸಲ ರಾಶಿ ತರಕಾರಿ ಸುರಿದರೆ ಅದು ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ಬೆಳ್ಳುಳ್ಳಿ ಕಪ್ಪಾದರೆ ಮಾತ್ರ ಎಸೆದು ಹೊಸದಾಗಿ ಶುರುಮಾಡಲಿ, ಆ ಕಹಿ ಹೋಗುವುದಿಲ್ಲ. ಇವರಿಗೆ ಎಸೆಯುವುದೇ ಕಷ್ಟ.

ಮುಖ್ಯವಾಗಿ, ಉಪ್ಪು ನೋಡುವ ಕೆಲಸ ಪುಟ್ಟಿಗೆ ಕೊಡಿಸು. ಅಪ್ಪನಿಗೆ ನಿಜ ಹೇಳಬಹುದು ಕಂದಾ, ಅವರು ಬೈಯಲ್ಲ ಎಂದು ಅಜ್ಜಿಯಾಗಿ ನೀನು ಹೇಳು. ನಾನು ಹೇಳಿದರೆ ಅತ್ತುಬಿಡುತ್ತೇನೆ.

ನಾನು ಸೋತು ಸೊಪ್ಪಾಗಿರುವುದು ಹೌದು, ಆದರೆ ಹಾಸಿಗೆಯಿಂದಲೇ ಅಡುಗೆಮನೆ ಕಾಣುತ್ತದೆ. ನಿನ್ನ ಹಳೇ ಏಪ್ರನ್ ಇವರ ಹೊಟ್ಟೆಗೆ ಸಾಲದೆ ದಾರ ಜೋಡಿಸಿ ಕಟ್ಟಿಕೊಳ್ಳುತ್ತಾರೆ. ಪುಟ್ಟಿ ಹಿಂದೆ ನಿಂತು ಗಂಟು ಹಾಕುತ್ತಾಳೆ. ಅದನ್ನು ನೋಡುತ್ತಾ ಮಲಗಿರುತ್ತೇನೆ.

ನಿನ್ನ ಮಂಡಿನೋವಿನ ಎಣ್ಣೆ ಬಿಡಬೇಡ.

ಇಂತಿ ನಿನ್ನ ಪ್ರೀತಿಯ
ಚಿಕ್ಕ ಮಗಳು

ತಾ. ಕ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಸೋಮವಾರ ಆಸ್ಪತ್ರೆಯಲ್ಲಿ ನನಗೆ ನಿದ್ದೆ ಬಂದಿದೆ ಅಂದುಕೊಂಡು ಡಾಕ್ಟರು ಪರದೆಯ ಆಚೆ ಇವರಿಗೆ ಹೇಳುತ್ತಿದ್ದರು. ಇನ್ನು ಇಂಜೆಕ್ಷನ್ ಕೊಟ್ಟು ಪ್ರಯೋಜನವಿಲ್ಲ, ನೋವಿಗಷ್ಟೇ ಮಾತ್ರೆ, ಮನೆಗೆ ಕರೆದುಕೊಂಡು ಹೋಗಿ ಎಂದು. ಬಸ್ಸಿನಲ್ಲಿ ಬರುವಾಗ, ಡಾಕ್ಟರು ಏನಂದರು ಎಂದು ಕೇಳಿದೆ. ಕಿಟಕಿ ಕಡೆ ನೋಡುತ್ತಾ, ಹೊಟ್ಟೆ ತುಂಬ ಊಟ ಮಾಡಿಸಬೇಕಂತೆ ಎಂದರು. ಮನೆಗೆ ಬಂದವರೇ ಚಪ್ಪಲಿಯೂ ಬಿಡದೆ ಅಕ್ಕಿ ತೊಳೆಯಲು ನಿಂತರು. ಅಮ್ಮ, ನೀನು ಬಂದುಬಿಡು.