ಇನ್ನೂ ಎಂಟು ಮೊಗ್ಗು

ಭಾನುವಾರ, ಡಿಸೆಂಬರ್ ೧೪

ಸಿಟ್ಟಿನ ಯಜಮಾನರಿಗೆ, ನಿಮ್ಮ ಗೊಣಗಮ್ಮನ ನಮಸ್ಕಾರ.

ನಿಮ್ಮ ಕಾಗದ ಬಂತು. ಹಿತ್ತಲ ಕ್ಯಾಮೆಲಿಯಾ ಗಿಡ ಕಿತ್ತುಹಾಕು, ಆ ನೆರಳಲ್ಲಿ ಹೂ ಬಿಡಲ್ಲ, ಇಬ್ಬರೂ ಆರು ವರ್ಷ ಸುಮ್ಮನೆ ನೀರು ಹೊಯ್ದೆವು ಅಂತ ಬರೆದಿದ್ದೀರಿ. ಗಿಡದ ಬಗ್ಗೆಯಷ್ಟೇ ಬರೆದಿದ್ದೀರಿ ಅಂದುಕೊಂಡಿದ್ದೇನೆ.

ಕಿತ್ತಿಲ್ಲ. ಮೊನ್ನೆ ಅದು ಹೂ ಬಿಟ್ಟಿತು.

ಒಂದೇ ಹೂ, ಅಂಗೈಯಗಲ, ಕೆಂಪು. ಎಸಳಿನ ಮೇಲೆ ಎಸಳು ಕೂತಿರುವುದನ್ನು ನೋಡಿದರೆ ನಿಮ್ಮಂಥವರೇ ಯಾರೋ ಬಾಚಣಿಗೆ ಹಿಡಿದು ಮಾಡಿದ ಹಾಗಿದೆ. ಬಿಸಿಲೇ ಬೀಳದ ಆ ನಲ್ಲಿ ಮೂಲೆಯಲ್ಲಿ ಎಲೆಗಳು ಎಣ್ಣೆ ಹಚ್ಚಿದ ತಲೆಯ ಹಾಗೆ ಹೊಳೆಯುತ್ತಿವೆ. ವರ್ಷವಿಡೀ ಹಸಿರಾಗಿ ನಿಂತದ್ದು ನಿಮ್ಮ ಆರೈಕೆಯಿಂದ. ಬೇರಿಗೆ ಒಣ ಎಲೆ ಹೊದಿಸಿದವರು, ಕ್ಷೌರದಂಗಡಿ ತೆರೆಯಲು ಹೊರಡುವ ಮುಂಚೆ ಮಣ್ಣಿಗೆ ಬೆರಳಿಟ್ಟು ತೇವ ನೋಡಿದವರು ನೀವು. ನಾನು ಬರೀ ಗೊಣಗಿದವಳು.

ಪ್ರತಿ ವರ್ಷ ಚಳಿ ಶುರುವಾಗುವ ಮುಂಚೆ ನೀವು ಅದನ್ನು ಕತ್ತರಿಸುವುದನ್ನು ಎಷ್ಟು ನೋಡಿದರೂ ನನಗೆ ಸಾಲದು. ಗಿರಾಕಿಯನ್ನು ಕೇಳುವ ಹಾಗೆ, ಹಿಂದೆ ಸ್ವಲ್ಪ ಕಮ್ಮಿ ಮಾಡಲಾ ಸಾರ್ ಅಂತ ಗಿಡವನ್ನು ಕೇಳುತ್ತಿದ್ದಿರಿ. ಪಕ್ಕದ ಮನೆ ಬಡಗಿ ಗೋಡೆಯಾಚೆಯಿಂದ, ನನ್ನ ತಲೆಗಿಂತ ಅದರ ತಲೆಗೇ ಚೆನ್ನಾಗಿ ಮಾಡ್ತೀಯಲ್ಲೋ ಅಂತ ಕಿಚಾಯಿಸಿದರೆ, ಅದು ಅಲ್ಲಾಡದೆ ಕೂರುತ್ತೆ, ನೀನು ಕೂರಲ್ಲ ಅನ್ನುತ್ತಿದ್ದಿರಿ. ಆ ದಿನವೆಲ್ಲ ನಿಮ್ಮ ಮುಖ ನೋಡಬೇಕಿತ್ತು.

ಕೆಳಗೆ ಬಿದ್ದದ್ದನ್ನು ಗುಡಿಸುತ್ತಿದ್ದವಳು ನಾನು. ಎಲೆಗಳ ನಡುವೆ ಬಟಾಣಿ ಗಾತ್ರದ ಹಸಿರು ಗುಂಡುಗಳಿರುತ್ತಿದ್ದವು. ಹೋದ ವರ್ಷ ನಾಲ್ಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿ ನರ್ಸರಿಯ ಅಜ್ಜಿಗೆ ತೋರಿಸಿದೆ. ಅಯ್ಯೋ ಹುಚ್ಚಿ, ಇವು ಮೊಗ್ಗು, ಕತ್ತರಿಸುವುದು ಹೂವಾದ ಮೇಲೆ ಅಂದರು. ನಿಮಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟು ಚೆಂದದ ಕೆಲಸವನ್ನು ತಪ್ಪು ಅನ್ನುವುದು ಹೇಗೆ?

ಈ ಸಲ ದೊಡ್ಡ ಕತ್ತರಿ ಸಿಗದೆ ನೀವು ಮನೆ ತಲೆಕೆಳಗು ಮಾಡಿದಿರಿ, ಕಸದ ಜೊತೆ ಎಸೆದಿದ್ದೀಯ ಅಂತ ರೇಗಿದಿರಿ. ನಾನೂ ಸುಮ್ಮನಿರದೆ, ನಿಮ್ಮ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಅಂದುಬಿಟ್ಟೆ. ನೀವು ಚೀಲ ಎತ್ತಿಕೊಂಡು ಅಕ್ಕನ ಮನೆಗೆ ಹೊರಟಿರಿ. ಆ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಉಳಿದಿದೆ, ಬಂದು ನೋಡಿ. ಎರಡು ತಿಂಗಳಾಯಿತು, ನಿಮ್ಮ ಅಕ್ಕನಿಗೂ ಸಾಕಾಗಿರಬೇಕು.

ನಿಮ್ಮ
ಗೊಣಗಮ್ಮ

ತಾ.ಕ.: ಕತ್ತರಿ ಕಳೆದಿರಲಿಲ್ಲ. ಅಂದು ಬೆಳಗ್ಗೆಯೇ ಕಂಬಳಿ ಪೆಟ್ಟಿಗೆಯ ತಳದಲ್ಲಿ ನಾನೇ ಬಚ್ಚಿಟ್ಟಿದ್ದೆ. ಈಗ ಎಣ್ಣೆ ಹಚ್ಚಿ ಮೊಳೆಗೆ ನೇತುಹಾಕಿದ್ದೇನೆ. ಗಿಡದಲ್ಲಿ ಇನ್ನೂ ಎಂಟು ಮೊಗ್ಗು ಇವೆ. ಕೊನೆಯದು ಅರಳಿ ಉದುರುವ ಹೊತ್ತಿಗೆ ಕತ್ತರಿಸುವವರು ಬೇಕು.